ಮೂಲೆ ಹೋಟೆಲಿನ ತಪಾಸಣೆ

ಮಾರ್ಚ್ ೩, ಸೋಮವಾರ

ಸನ್ಮಾನ್ಯ ಅಧ್ಯಕ್ಷರೇ, ಘನತೆವೆತ್ತ ಭೋಜನ ಸಮಿತಿಯ ಸದಸ್ಯರೇ, ಹಿಂದಿನ ಸಾಲಿನಲ್ಲಿ ಆಗಲೇ ತೂಕಡಿಸತೊಡಗಿರುವ ಮಹನೀಯರೇ,

ನಮ್ಮ ಬೀದಿಯ ಮೂಲೆಯಲ್ಲಿರುವ ಹೋಟೆಲು ನಮ್ಮ ಮನೆಯವರ ಒಂದು ರಾತ್ರಿಯೂಟಕ್ಕೆ ಯೋಗ್ಯವೋ ಅಲ್ಲವೋ ಎಂದು ಪರಿಶೀಲಿಸಿ ವರದಿ ಒಪ್ಪಿಸುವ ಗುರುತರ ಹೊಣೆಯನ್ನು ತಾವು ನನ್ನ ಹೆಗಲಿಗೆ ಹೊರಿಸಿದ್ದೀರಿ. ತಾವು ಎಂದರೆ ನನ್ನ ಹೆಂಡತಿ. ಸಮಿತಿಯ ಉಳಿದ ಸದಸ್ಯರನ್ನು ಈ ಪುಟದ ಅನುಕೂಲಕ್ಕಾಗಿ ನಾನೇ ನೇಮಿಸಿಕೊಂಡಿದ್ದೇನೆ.

ಹಿನ್ನೆಲೆ ಹೀಗಿದೆ. ಅವಳ ನಾಲಿಗೆಯ ಎಡ ಅಂಚಿನಲ್ಲಿ ಎರಡು ತಿಂಗಳಿಂದ ಮಾಯದೆ ಉಳಿದಿದ್ದ ಹುಣ್ಣು ಬರೀ ಹುಣ್ಣಲ್ಲವೆಂದು ಇವತ್ತು ಬೆಳಗ್ಗೆ ಗೊತ್ತಾಯಿತು. ಡಾಕ್ಟರು ತಮ್ಮ ಕಿರುಬೆರಳಿನ ಉಗುರು ತೋರಿಸಿ, “ಇಷ್ಟು ತೆಗೀತೀವಿ. ಮಾತು ಸ್ವಲ್ಪ ತೊದಲಬಹುದು, ಆಮೇಲೆ ರೂಢಿಯಾಗುತ್ತೆ. ಬರೋ ಸೋಮವಾರವೇ ಮಾಡಿಬಿಡೋಣ. ಮುಂದಕ್ಕೆ ಹಾಕ್ತಾ ಹೋಗಬೇಡಿ” ಅಂದರು. ನಾನು ಅವರ ಉಗುರನ್ನೇ ನೋಡುತ್ತಿದ್ದೆ. ಚೆನ್ನಾಗಿ ಕತ್ತರಿಸಿಕೊಂಡಿದ್ದರು.

ಹೊರಗೆ ಬಂದ ಮೇಲೆ ಅವಳು ಕಾರಿನ ಬೀಗ ತೆಗೆಯುತ್ತಾ, “ಅದಕ್ಕೆ ಮುಂಚೆ ಎಲ್ಲರೂ ಕೂತು ಹೊರಗೆ ಒಂದು ಊಟ ಮಾಡಬೇಕು ರೀ. ನಾಲಿಗೆ ಪೂರ್ತಿ ಇರುವಾಗಲೇ” ಅಂದಳು.

“ಎಲ್ಲಿ?”

“ಮೂಲೆ ಹೋಟೆಲೇ ಆಗಲಿ. ಅದರ ಮುಂದೆ ನಿಂತು ಇಷ್ಟು ವರ್ಷ ಜನಕ್ಕೆ ಬೈದಿದ್ದೀನಿ, ಒಂದು ದಿನ ಒಳಗೆ ಹೋಗಿಲ್ಲ. ನೀವು ನೋಡ್ಕೊಂಡು ಬನ್ನಿ. ನೀವು ಹೂಂ ಅಂದ ತಕ್ಷಣ ಆ ಶನಿವಾರ ಊಟ, ಸೋಮವಾರ ಆಪರೇಷನ್. ಡಾಕ್ಟರಿಗೆ ಫೋನ್ ಮಾಡಿಬಿಡ್ತೀನಿ.”

ಅವಳು ಕಾರು ಓಡಿಸುವುದನ್ನು ಕಲಿಸುತ್ತಾಳೆ. ಹಿಂದಕ್ಕೆ ತೆಗೆದು ನಿಲ್ಲಿಸುವ ಪಾಠ ಆ ಹೋಟೆಲಿನ ಎದುರಿನ ಜಾಗದಲ್ಲೇ. “ಬ್ರೇಕ್! ಬ್ರೇಕ್ ಅಂದ್ನಲ್ಲಾ ಸ್ವಾಮೀ!” ಎಂಬ ಅವಳ ಕೂಗು ಕೇಳಿ ಬೀದಿಯಲ್ಲಿ ನಡೆದುಹೋಗುವವರೂ ನಿಲ್ಲುತ್ತಾರೆ. ನಾನು ಕಾಲೇಜಿನಲ್ಲಿ ಛಂದಸ್ಸು ಓದಿ, ಒಂದು ವರ್ಷ ತರಬೇತಿ ಪಡೆದು, ಲಿಫ್ಟುಗಳಿಗೆ ಪ್ರಮಾಣಪತ್ರ ಕೊಡುವ ಕೆಲಸಕ್ಕೆ ಬಂದವನು. ನನ್ನ ಪದ್ಧತಿ ಕಚೇರಿಗೆಲ್ಲ ಗೊತ್ತು: ಖಾಲಿ ಇರುವಾಗ ಒಂದು ಸಲ, ಅರ್ಧ ತುಂಬಿದಾಗ ಒಂದು ಸಲ, ಪೂರ್ತಿ ತುಂಬಿದಾಗ ಒಂದು ಸಲ ನೋಡದೆ ಯಾವ ಲಿಫ್ಟಿಗೂ ಸಹಿ ಹಾಕುವುದಿಲ್ಲ. “ನನ್ನನ್ನೂ ಮೂರು ಸಲ ನೋಡಿಯೇ ಒಪ್ಕೊಂಡಿದ್ದು ಇವರು” ಎಂದು ಹೆಂಡತಿ ಕಂಡವರಿಗೆಲ್ಲ ಹೇಳುತ್ತಾಳೆ.

ಮೊದಲ ಭೇಟಿ, ಮಧ್ಯಾಹ್ನ, ಹೋಟೆಲು ಖಾಲಿ. ಗಲ್ಲಾದ ಹಿಂದೆ ದಪ್ಪ ಕನ್ನಡಕದ ಒಡತಿ. ಬಡಿಸುವವರು ಒಬ್ಬ ಹಿರಿಯರು. ಅಡುಗೆಮನೆಯಿಂದ ನನ್ನ ಮೇಜಿಗೆ ಬರುವಷ್ಟರಲ್ಲಿ ನಾನು ಮೆನು ಬಾಯಿಪಾಠ ಮಾಡಿದ್ದೆ. ಅವರಿಗೆ ಅವಸರಪ್ಪ ಎಂದು ಹೆಸರಿಟ್ಟಿದ್ದೇನೆ. ಸೂಪು ಬಿಸಿಯಾಗಿತ್ತು, ಖಾರವಿರಲಿಲ್ಲ. ಅವಳಿಗೆ ಈಗ ಖಾರ ತಾಗಿದರೆ ಕಣ್ಣಲ್ಲಿ ನೀರು.

ಮೆನು ನೋಡಿದರೆ ಮೂರು ಹಾಳೆ,
ಕೇಳಿದ್ದೆಲ್ಲಾ ಸಿಗುವುದು ನಾಳೆ.

ಮಧ್ಯಂತರ ಅಭಿಪ್ರಾಯ: ಇನ್ನೂ ನೋಡಬೇಕು.


ಮಾರ್ಚ್ ೪, ಮಂಗಳವಾರ

ಎರಡನೇ ಭೇಟಿ, ಸಂಜೆ, ಅರ್ಧ ಭರ್ತಿ.

ಕುರ್ಚಿಗೆ ಕಾಲು ನಾಲ್ಕು,
ನಿಲ್ಲುವುದಕ್ಕೆ ಮೂರೇ ಸಾಕು.

ಇಷ್ಟೇ ಅಲ್ಲ ಸದಸ್ಯರೇ. ದೀಪಗಳು ಹಳದಿ. ಹಳದಿ ಬೆಳಕಿನಲ್ಲಿ ಎಲ್ಲರೂ ಕಾಯಿಲೆಯವರಂತೆ ಕಾಣುತ್ತಾರೆ. ಮೀನು ಮೆತ್ತಗಿತ್ತು, ಮುಳ್ಳು ತೆಗೆದಿದ್ದರು. ಆದರೆ ಎಲ್ಲ ಮುಳ್ಳನ್ನೂ ತೆಗೆದಿದ್ದಾರೆ ಎಂಬುದಕ್ಕೆ ಖಾತರಿ ಏನು? ಒಂದು ಮೀನು ನೋಡಿ ಇಡೀ ಕಡಲಿಗೆ ಸಹಿ ಹಾಕಲಾಗುತ್ತದೆಯೇ?

ಮನೆಗೆ ಬಂದಾಗ ಅವಳು ಬಟ್ಟೆ ಮಡಿಸುತ್ತಾ ಕೇಳಿದಳು: “ಹೇಗಿದೆ?”

“ಕುರ್ಚಿ ಅಲ್ಲಾಡುತ್ತೆ.”

“ನಾವು ಊಟಕ್ಕೆ ಹೋಗ್ತಿರೋದು ರೀ, ಕುರ್ಚಿ ತರೋಕಲ್ಲ.”


ಮಾರ್ಚ್ ೬, ಗುರುವಾರ

ಮೂರನೇ ಭೇಟಿ, ಪೂರ್ಣ ಭಾರ. ಒಂದೇ ಒಂದು ಕುರ್ಚಿ ಖಾಲಿಯಿರಲಿಲ್ಲ. ಗೋಡೆಯ ಮೇಲೆ ಟೀವಿ, ಅದರಲ್ಲಿ ಯಾರೋ ಆಡುವ ಪಂದ್ಯ, ಅದಕ್ಕಿಂತ ಜೋರಾಗಿ ನೋಡುವವರ ಪಂದ್ಯ. ಪಕ್ಕದವರು ಉಪ್ಪು ಕೇಳಿದರೆ ನನಗೆ ಕೇಳಿಸಲಿಲ್ಲ. ಹಾಗಿದ್ದ ಮೇಲೆ ಅವಳು ಮಾತಾಡಿದರೆ ಕೇಳಿಸುತ್ತದೆಯೇ? ಅವಳು ಆ ದಿನ ಆಡುವ ಮಾತುಗಳಲ್ಲಿ ಒಂದೂ ತಪ್ಪಿಹೋಗಬಾರದು. ಇದು ಸಮಿತಿಯ ಷರತ್ತಲ್ಲ, ನನ್ನದು.

ಈ ಶನಿವಾರ ಬೇಡ ಎಂದೆ. ಅವಳು ನನ್ನ ಮುಖ ಸ್ವಲ್ಪ ಹೊತ್ತು ನೋಡಿ, ಡಾಕ್ಟರಿಗೆ ಫೋನು ಮಾಡಿದಳು. “ನಮ್ಮ ಯಜಮಾನ್ರಿಗೆ ಹೋಟೆಲು ಇನ್ನೂ ಒಪ್ಪಿಗೆಯಾಗಿಲ್ಲ ಡಾಕ್ಟ್ರೇ” ಎಂದು ನಕ್ಕಳು. ಆ ಕಡೆಯವರು ನಗಲಿಲ್ಲವೆಂದು ತೋರುತ್ತದೆ. ಆಪರೇಷನ್ ಹದಿನೇಳನೇ ತಾರೀಖಿಗೆ ಹೋಯಿತು.

ಫೋನಿಟ್ಟ ಮೇಲೆ ಸೇಬು ಕತ್ತರಿಸಿ ಕೊಟ್ಟೆ. ಒಂದು ಹೋಳನ್ನು ಬಲಗಡೆ ಅಗಿದು, ಉಳಿದಿದ್ದನ್ನು ನನ್ನ ತಟ್ಟೆಗೆ ಸರಿಸಿದಳು.


ಮಾರ್ಚ್ ೮, ಶನಿವಾರ

ಊಟಕ್ಕೆ ಹೋಗಬೇಕಿದ್ದ ದಿನ. ಹೋಟೆಲಿನಿಂದ ಡಬ್ಬಿಯಲ್ಲಿ ಸೂಪು ತಂದೆ.

“ಚೆನ್ನಾಗಿದೆಯಲ್ಲ ರೀ. ಇನ್ನೇನು ಬೇಕು ನಿಮಗೆ?”

ಮನೆಯಲ್ಲಿ ಕುಡಿದ ಸೂಪು ಹೋಟೆಲಿಗೆ ಸಾಕ್ಷಿಯಾಗಲಾರದು ಎಂದು ವಿವರಿಸಿದೆ. ಅವಳು ಡಬ್ಬಿ ತೊಳೆದಿಟ್ಟಳು.


ಮಾರ್ಚ್ ೧೧, ಮಂಗಳವಾರ

ತುಲನಾತ್ಮಕ ಅಧ್ಯಯನಕ್ಕೆಂದು ಸೇತುವೆಯಾಚೆಯ ಇನ್ನೊಂದು ಹೋಟೆಲಿಗೆ ಹೋಗಿದ್ದೆ. ಮೇಜಿನ ಮೇಲೆ ಬಟ್ಟೆಯ ಕರವಸ್ತ್ರ, ಅದನ್ನು ಕೊಕ್ಕರೆಯಂತೆ ಮಡಿಸಿ ನಿಲ್ಲಿಸಿದ್ದರು. ಎಲ್ಲರೂ ಪಿಸುಗುಡುತ್ತಿದ್ದರು. ಅವಳು ಅಲ್ಲಿ ಎರಡು ನಿಮಿಷ ಕೂರುವುದಿಲ್ಲ. ಕೊಕ್ಕರೆ ನೋಡಿದೊಡನೆ ನಗುತ್ತಾಳೆ, ನಕ್ಕರೆ ನೋಯುತ್ತದೆ.

ವಾಪಸು ಬಂದಾಗ ಮಗಳು ಬಾಗಿಲಲ್ಲೇ ತಡೆದಳು. ಕಾಲೇಜಿನ ಕೊನೆಯ ವರ್ಷ, ತಾಯಿಯ ಗಂಟಲು, ನನ್ನ ಮೂಗು.

“ಅಪ್ಪಾ, ಎಲ್ಲಿಗೆ ಹೋಗಿದ್ದೆ?”

“ಹೋಟೆಲು ನೋಡೋಕೆ.”

“ಇನ್ನೂನಾ? ಅಮ್ಮ ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ನುಂಗ್ತಿದ್ದಾಳೆ. ಇನ್ನೆರಡು ವಾರ ಹೋದ್ರೆ ಯಾವ ಹೋಟೆಲಾದ್ರೇನು ಅವಳಿಗೆ? ನೀನು ಯಾರಿಗೋಸ್ಕರ ಹುಡುಕ್ತಾ ಇದ್ದೀಯ?”

“ಅಮ್ಮನಿಗೋಸ್ಕರ.”

“ಹಾಗಾದ್ರೆ ಅಮ್ಮನ್ನ ಕೇಳು.”

ಈಗಿನ ಮಕ್ಕಳಿಗೆ ಪದ್ಧತಿಯೆಂದರೆ ತಾತ್ಸಾರ.

ನಾಲಿಗೆಗೆ ಪ್ರಾಸ: ಪಾಲಿಗೆ, ಸಾಲಿಗೆ, ಬೇಲಿಗೆ, ಜೋಳಿಗೆ. ಯಾವುದೂ ಬೇಡ.


ಮಾರ್ಚ್ ೧೩, ಗುರುವಾರ

ಶನಿವಾರ ಹೋಟೆಲಿನ ಅರ್ಧ ಭಾಗದಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬವಂತೆ. ಮಕ್ಕಳು ಅಂದರೆ ಬಲೂನು, ಬಲೂನು ಅಂದರೆ ಢಂ. ಒಡತಿ, “ಇನ್ನೊಂದು ಅರ್ಧ ನಿಮಗೇ ಬಿಡ್ತೀನಿ ಸಾರ್, ಮಧ್ಯ ಪರದೆ ಹಾಕಿಸ್ತೀನಿ” ಅಂದರು. ಪರದೆಗೆ ಢಂ ಎನ್ನುವುದನ್ನು ತಡೆಯುವ ಶಕ್ತಿಯಿಲ್ಲ. ತಿರಸ್ಕರಿಸಲಾಗಿದೆ.

ಈ ಸಲ ಅವಳು ಡಾಕ್ಟರಿಗೆ ಫೋನು ಮಾಡುವಾಗ ತಮಾಷೆ ಮಾಡಲಿಲ್ಲ. ಡಾಕ್ಟರು ನನ್ನನ್ನು ಕೇಳಿದರಂತೆ, ಫೋನು ನನ್ನ ಕೈಗೆ ಬಂತು.

“ಏನ್ ಮಾಡ್ತಿದ್ದೀರಿ ನೀವು?”

“ಒಂದು ಊಟದ ವ್ಯವಸ್ಥೆ, ಡಾಕ್ಟ್ರೇ.”

“ಆಸ್ಪತ್ರೆ ಕ್ಯಾಂಟೀನಲ್ಲಿ ಮಾಡಿಸಿ. ಇಪ್ಪತ್ನಾಲ್ಕನೇ ತಾರೀಖು ಬೆಳಗ್ಗೆ. ಅದನ್ನ ತಪ್ಪಿಸಿದ್ರೆ ಆಮೇಲೆ ನನ್ನ ಹತ್ರ ಬರಬೇಡಿ.”

ವೈದ್ಯರಿಗೆ ರುಚಿಯ ಬಗ್ಗೆ ಇರುವ ಅಸಡ್ಡೆಯನ್ನು ಸಮಿತಿ ದಯವಿಟ್ಟು ಗಮನಿಸಬೇಕು.


ಮಾರ್ಚ್ ೧೭, ಸೋಮವಾರ

ಏನೂ ಆಗಲಿಲ್ಲ. ಆಗಬೇಕಿದ್ದ ದಿನ.

ಕಚೇರಿಯ ಕೆಲಸಕ್ಕೆ ಆರು ಅಂತಸ್ತಿನ ಕಟ್ಟಡಕ್ಕೆ ಹೋಗಿದ್ದೆ. ಲಿಫ್ಟಿಗೆ ಮೊದಲ ಭೇಟಿಯಲ್ಲೇ ಸಹಿ ಹಾಕಿ ಬಂದೆ. ಜೊತೆಯಲ್ಲಿದ್ದವನು, “ಸಾರ್, ಹುಷಾರಾಗಿದ್ದೀರಾ?” ಎಂದು ಕೇಳಿದ. ಹುಷಾರಾಗಿದ್ದೇನೆ.


ಮಾರ್ಚ್ ೧೯, ಬುಧವಾರ

ಇವತ್ತು ಹೋಟೆಲಿನ ಮುಂದೆ ಅಪಘಾತ.

ಹೊಸದಾಗಿ ಸೇರಿದ ಒಬ್ಬ ಬ್ಯಾಂಕಿನವನಿಗೆ ಅವಳು ಹಿಂದಕ್ಕೆ ತೆಗೆಯುವುದನ್ನು ಹೇಳಿಕೊಡುತ್ತಿದ್ದಳಂತೆ. ಅವನು ನೋಡಿಕೊಳ್ಳದೆ ಹಿಂದೆ ಹೋದ. ಅವಳು ಬ್ರೇಕ್ ಎಂದು ಕೂಗಲು ಬಾಯಿ ತೆರೆದಳು, ನಾಲಿಗೆ ಹಲ್ಲಿಗೆ ತಾಗಿ ನೋವಿಗೆ ಬಾಯಿ ಮುಚ್ಚಿಕೊಂಡಳು. ಅವಳ ಕಡೆಯೂ ಒಂದು ಬ್ರೇಕಿದೆ, ಆದರೆ ಕೂಗಿ ರೂಢಿಯಾದವಳಿಗೆ ಅದರ ಮೇಲೆ ಕಾಲಿಡಲು ನೆನಪಾಗಲಿಲ್ಲ. ಹೋಟೆಲಿನ ಬಾಗಿಲಲ್ಲಿದ್ದ ದೊಡ್ಡ ಹೂಕುಂಡ ಎರಡು ಹೋಳಾಯಿತು.

ಕ್ಷಮೆ ಕೇಳಲು ಒಳಗೆ ಹೋದವಳು ಮುಕ್ಕಾಲು ಗಂಟೆ ಹೊರಗೆ ಬರಲಿಲ್ಲವಂತೆ.

ನಾನು ಮನೆಗೆ ಬಂದಾಗ ಮೇಜಿನ ಹತ್ತಿರ ಕೈಕಟ್ಟಿ ಕೂತಿದ್ದಳು. ಮಾತು ನಿಧಾನವಾಗಿತ್ತು, ಪ್ರತಿ ಪದವನ್ನೂ ನೋಯುವ ಜಾಗ ತಪ್ಪಿಸಿ ದಾಟಿಸುತ್ತಿದ್ದಳು.

“ಶನಿವಾರ ಏಳು ಗಂಟೆಗೆ ಮೇಜು ಹೇಳಿದ್ದೀನಿ, ಜನರ ಮಧ್ಯದಲ್ಲೇ. ನಾಲ್ಕು ಜನಕ್ಕೆ. ನನ್ನ ತಮ್ಮನಿಗೂ ಹೇಳಾಯ್ತು.”

“ಆದರೆ ಆ ಟೀವಿ...”

“ರೀ. ಬ್ರೇಕ್ ಮೇಲಿಂದ ಕಾಲು ತೆಗೀರಿ.”

ತೆಗೆದೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು, ತೊಳೆಯುವುದಕ್ಕೆ ಏನೂ ಇಲ್ಲದಿದ್ದರೂ ನಿಂತಿದ್ದೆ.


ಮಾರ್ಚ್ ೨೨, ಶನಿವಾರ

ಊಟವಾಯಿತು. ಎಲ್ಲವನ್ನೂ ಬರೆಯಬೇಕು, ಬಿಡಬಾರದು.

ಏಳಕ್ಕೆ ಮೊದಲೇ ನಾನೊಬ್ಬನೇ ಹೋಗಿ ಒಡತಿಯ ಬಳಿ ಟೀವಿ ಆರಿಸಲು ಕೇಳಿಕೊಂಡೆ. ಅಕ್ಕಪಕ್ಕದ ಎರಡು ಮೇಜುಗಳನ್ನು ಖಾಲಿ ಬಿಡಲು ಕೇಳಿದೆ. ಬಿಟ್ಟರು. ಮಗಳಿಗೂ ಭಾವಮೈದನಿಗೂ ಮೊದಲೇ ಹೇಳಿಟ್ಟಿದ್ದೆ: “ಇವತ್ತು ಅವಳು ಮಾತಾಡಲಿ. ನಾವು ಮಧ್ಯೆ ಬಾಯಿ ಹಾಕೋದು ಬೇಡ, ಕೇಳೋಣ.”

ಎಲ್ಲರೂ ಅಚ್ಚುಕಟ್ಟಾಗಿ ಪಾಲಿಸಿದರು. ಸೂಪು ಬಂತು. ಚಮಚಗಳ ಸದ್ದು. ಭಾವಮೈದ ಎಂಥ ವಾಚಾಳಿ, ಅವನು ತಟ್ಟೆಯನ್ನೇ ನೋಡುತ್ತಿದ್ದ. ಮಗಳು ನೀರಿನ ಲೋಟ ತಿರುಗಿಸುತ್ತಿದ್ದಳು. ಮೂವರೂ ಬೇರೆ ಬೇರೆ ಕಡೆ ನೋಡುತ್ತಾ ಅವಳು ಮಾತಾಡಲೆಂದು ಕಾದೆವು. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೈಯಲ್ಲಿದ್ದ ಚಮಚ ಕೆಳಗಿಟ್ಟಳು.

“ಏನಿದು? ಸಂತಾಪ ಸಭೆನಾ?”

ಭಾವಮೈದ ಓರೆಗಣ್ಣಿನಿಂದ ನನ್ನ ಕಡೆ ನೋಡಿದ.

“ಯಾರು ಮಾಡಿದ್ದು ಇದನ್ನ? ನಮ್ಮ ಯಜಮಾನ್ರು ತಾನೇ?” ಆಮೇಲೆ ಕೈಯೆತ್ತಿ ಅವಸರಪ್ಪನವರನ್ನು ಕರೆದಳು. “ಅಣ್ಣಾ, ಆ ಟೀವಿ ಹಾಕಿ. ಜೋರಾಗಿ ಹಾಕಿ. ಖಾಲಿ ಮೇಜಿಗೆ ಜನ ಕೂರಿಸಿ, ಪಾಪ, ಬಾಗಿಲಲ್ಲಿ ನಿಂತಿದ್ದಾರೆ.”

ಇಷ್ಟು ದಿನದಲ್ಲಿ ಮೊದಲ ಸಲ ಅವಸರಪ್ಪ ಅವಸರ ಮಾಡಿದ್ದನ್ನು ನೋಡಿದೆ. ಟೀವಿ ಕಿರುಚಿತು, ಜನ ತುಂಬಿದರು. ಭಾವಮೈದನಿಗೆ ಉಸಿರು ಬಂತು.

“ಅಕ್ಕ, ನನಗೆ ಕಾರು ಕಲಿಸಿದ್ದು ನೆನಪಿದೆಯಾ ನಿನಗೆ?”

“ಮರೆಯೋ ಹಾಗಿದೆಯಾ? ಎಡಕ್ಕೆ ತಿರುಗಿಸೋ ಅಂದ್ರೆ, ‘ಅಕ್ಕಾ, ನಿನ್ನ ಎಡನೋ ನನ್ನ ಎಡನೋ’ ಅಂತ ಕೇಳ್ದ ಇವನು. ಇಬ್ಬರೂ ಮುಂದಕ್ಕೇ ನೋಡ್ಕೊಂಡು ಕೂತಿದ್ವಿ!”

“ನೀನು ಬೈಯೋ ಜೋರಿಗೆ ಯಾವನಿಗೆ ಎಡ ಬಲ ಉಳಿಯುತ್ತೆ? ಭಾವ, ನೀವೇ ಹೇಳಿ, ನೀವು ಯಾಕೆ ಕಲೀಲಿಲ್ಲ?”

“ಮನೇಲಿ ಬೈಸ್ಕೊಳ್ಳೋದು ಸಾಲದು ಅಂತ ಕಾರಲ್ಲೂ ಬೈಸ್ಕೊಳ್ಳಲಾ?” ಎಂದೆ.

ಮಗಳು ನಕ್ಕು ನೀರು ಮೂಗಿಗೆ ಹತ್ತಿಸಿಕೊಂಡಳು. ಅವಳಮ್ಮ ಅವಳ ಬೆನ್ನು ತಟ್ಟುತ್ತಾ, ನೋವಿಗೆ ಒಂದು ಕಣ್ಣು ಮುಚ್ಚಿ ತಾನೂ ನಕ್ಕಳು.

ಆಮೇಲೆ ಅವಳು ಎಲ್ಲರ ತಟ್ಟೆಯಿಂದಲೂ ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದುಕೊಂಡಳು. ಒಂದಾದ ಮೇಲೆ ಒಂದು, ನಿಧಾನ. ಮೀನಿನ ಜೊತೆಗಿದ್ದ ನಿಂಬೆಯನ್ನು ತಾನೇ ಹಿಂಡಿ ತಾಗಿಸಿಕೊಂಡಳು. ಉರಿಯುತ್ತದೆ ಎಂದು ನಾನು ತಡೆಯಲು ಹೋದೆ, ಕೈ ಸರಿಸಿದಳು. ಹುಳಿ, ಉಪ್ಪು, ಮಗಳ ತಟ್ಟೆಯ ಖಾರ ಕೂಡ. ಕಣ್ಣಲ್ಲಿ ನೀರಿಟ್ಟುಕೊಂಡು, “ಇದೂ ಇರಲಿ” ಅಂದಳು. ಕೊನೆಯಲ್ಲಿ ಕಸ್ಟರ್ಡು. ಅದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ನಾವೆಲ್ಲ ಜೋರಾಗಿ ಏನೇನೋ ಮಾತಾಡಿದೆವು.

“ಎಲ್ಲಿ ನಿಮ್ಮ ಪದ್ಯ? ಹೇಳಿ ಒಂದು” ಅಂದಳು.

ನನಗೆ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳು ಕೇಳಿ ನಾನು ಹೇಳದೆ ಉಳಿದದ್ದು ಇದೇ ಮೊದಲು. ಅವಳೇ ಮೇಜು ತಟ್ಟಿ ಹೇಳಿದಳು:

“ಹೋಟೆಲು ಹುಡುಕಿದ ಗಂಡ,
ಕೊನೆಗೆ ಹುಡುಕಿದ್ದು ಹೂಕುಂಡ!”

ಪಕ್ಕದ ಮೇಜಿನವರೂ ಚಪ್ಪಾಳೆ ಹೊಡೆದರು. ಏಳುವಾಗ ಒಡತಿ ಅವಳ ಎರಡೂ ಕೈ ಹಿಡಿದುಕೊಂಡು, “ನೀವು ಬೇಗ ಬಂದು ಬೈಯೋಕೆ ಶುರುಮಾಡಿ ತಾಯೀ, ಬೀದಿ ಬಿಕೋ ಅನ್ನುತ್ತೆ” ಅಂದರು.

ಮನೆಗೆ ನಡೆದುಕೊಂಡೇ ಬಂದೆವು. ದಾರಿಯಲ್ಲಿ ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಮಗಳ ಮದುವೆಯ ಮಾತಲ್ಲ, ನನ್ನ ಔಷಧಿಯ ಮಾತಲ್ಲ. ಆ ಬ್ಯಾಂಕಿನವನಿಗೆ ಕ್ಲಚ್ಚಿನ ಮೇಲೆ ನಂಬಿಕೆಯೇ ಇಲ್ಲ, ಅವನನ್ನು ಸರಿಮಾಡುವುದು ಹೇಗೆ ಎಂಬುದರ ಬಗ್ಗೆ.


ಮಾರ್ಚ್ ೨೪, ಸೋಮವಾರ

ಒಳಗೆ ಕರೆದುಕೊಂಡು ಹೋದರು.

ಬಾಗಿಲು ಮುಚ್ಚುವ ಮೊದಲು, “ಹೋಗಿ ಏನಾದ್ರೂ ತಿನ್ನಿ” ಅಂದಳು.


ಮಾರ್ಚ್ ೨೫, ಮಂಗಳವಾರ

ಡಾಕ್ಟರು ತಮ್ಮ ಕೋಣೆಗೆ ಕರೆದರು. ಈ ಸಲ ಉಗುರು ತೋರಿಸಲಿಲ್ಲ. ಹೆಬ್ಬೆರಳನ್ನು ಮಧ್ಯದ ಗೆಣ್ಣಿನ ತನಕ ಹಿಡಿದು ತೋರಿಸಿದರು.

“ಅಂದ್ಕೊಂಡಿದ್ದಕ್ಕಿಂತ ಹೆಚ್ಚು ತೆಗೀಬೇಕಾಯ್ತು. ಕೆಳಗೆ ಹರಡಿತ್ತು. ಕತ್ತಿನಲ್ಲೂ ಸ್ವಲ್ಪ ಇತ್ತು, ಅದನ್ನೂ ತೆಗೆದಿದ್ದೀವಿ. ಜೀವಕ್ಕೆ ಸದ್ಯಕ್ಕೆ ಭಯ ಇಲ್ಲ. ಮಾತು... ನೋಡೋಣ. ಮನೆಯವರಿಗೆ ಅರ್ಥವಾಗೋಷ್ಟು ಬರಬಹುದು.”

“ಎರಡು ವಾರ ಮುಂಚೆ ಆಗಿದ್ದಿದ್ರೆ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಹಾಗೆಲ್ಲ ಹೇಳೋಕಾಗಲ್ಲ. ಅಷ್ಟರಲ್ಲೇ ಹರಡ್ತು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಅದನ್ನ ಯೋಚಿಸ್ತಾ ಕೂರಬೇಡಿ.”

ಒಳ್ಳೆಯ ಮನುಷ್ಯ. ಬೈದಿದ್ದರೆ ಎದುರು ಮಾತಾದರೂ ಆಡಬಹುದಿತ್ತು.


ಮಾರ್ಚ್ ೨೭, ಗುರುವಾರ

ಮೂಗಿನಲ್ಲಿ ಕೊಳವೆ. ಅದರಲ್ಲಿ ನರ್ಸು ಬೂದುಬಣ್ಣದ ಗಂಜಿಯಂಥದ್ದನ್ನು ನಿಧಾನಕ್ಕೆ ಬಿಡುತ್ತಾಳೆ. “ಊಟ ಆಯ್ತಮ್ಮ” ಎಂದು ಅವಳ ಕೆನ್ನೆ ಒರೆಸಿ ಹೋಗುತ್ತಾಳೆ.


ಮಾರ್ಚ್ ೩೦, ಭಾನುವಾರ

ಇವತ್ತು ಒರಗಿ ಕೂತಿದ್ದಳು. ಭಾವಮೈದ ಬಂದಿದ್ದ. ಬಾಯಿ ಬಿಡದೆ ಬರೀ ಕಣ್ಣಿನಿಂದಲೇ ಅವನನ್ನು ಬೈದಳು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಅವನು ಅದನ್ನು ಸರಿಮಾಡಿಕೊಳ್ಳುತ್ತಾ ನಕ್ಕ, ನನ್ನ ಕಡೆ ತಿರುಗಿ ಹೇಳಿದ: “ಭಾವ, ನಿಜ ಹೇಳ್ತೀನಿ, ನೀವು ಹೋಟೆಲು ಹೋಟೆಲು ಅಂತ ಅಲೆಯುವಾಗ ನನಗೆ ಸಿಟ್ಟು ಬಂದಿತ್ತು. ಆದರೆ ಅವತ್ತಿನಷ್ಟು ಖುಷಿಯಾಗಿ ಅಕ್ಕನ್ನ ನಾನು ಯಾವತ್ತೂ ನೋಡಿಲ್ಲ. ಹುಡುಕಿ ಹುಡುಕಿ ಸರಿಯಾದದ್ದನ್ನೇ ಆರಿಸಿದ್ರಿ.”

ಅವಳು ತಲೆಯಾಡಿಸಿದಳು. ಕೈ ಚಾಚಿ ಫೋನು ಕೇಳಿದಳು. ಒಂದು ಬೆರಳಿನಲ್ಲಿ ಒತ್ತಿ ಒತ್ತಿ ಬರೆದು, ನನ್ನ ಕಡೆ ತಿರುಗಿಸಿದಳು.

“ಅವತ್ತಿನ ಊಟ ದಿನಾ ನೆನೆಸ್ಕೊಳ್ತೀನಿ. ಒಂದೊಂದು ರುಚಿನೂ ಬರುತ್ತೆ. ನೀವು ತಡ ಮಾಡಿದ್ದೇ ಒಳ್ಳೇದಾಯ್ತು ಬಿಡಿ.”

ನಾನು ಓದಿದೆ. ಫೋನನ್ನು ವಾಪಸು ಕೊಟ್ಟೆ. ಅವಳ ಹೊದಿಕೆ ಸರಿಮಾಡಿ ಮನೆಗೆ ಬಂದು ಇದನ್ನು ತೆರೆದು ಕೂತಿದ್ದೇನೆ.

ಸನ್ಮಾನ್ಯ ಅಧ್ಯಕ್ಷರೇ, ಸಮಿತಿಯ ಸದಸ್ಯರೇ, ಸದರಿ ಹೋಟೆಲಿನ ಬಗ್ಗೆ ನನ್ನ ಅಂತಿಮ ವರದಿ...

ಯಾವ ಸಮಿತಿಯೂ ಇಲ್ಲ. ಮೂರನೇ ತಾರೀಖು ಮಧ್ಯಾಹ್ನ, ನಾನು ಯಾರ ಗಂಡ ಎಂದು ತಿಳಿದ ಕೂಡಲೇ ಹೋಟೆಲಿನಮ್ಮ ಗಲ್ಲಾದಿಂದ ಎದ್ದು ಬಂದು, “ಅವರ ಕೂಗು ಕೇಳಿಯೇ ನಾವು ಬಾಗಿಲು ತೆಗೆಯೋದು. ಶನಿವಾರಕ್ಕೆ ಒಳಗಿನ ಕೋಣೆ ನಿಮಗೆ ಇಟ್ಟಿರ್ತೀನಿ, ಅಲ್ಲಿ ಗದ್ದಲ ಇರಲ್ಲ” ಅಂದಿದ್ದರು. ಕೋಣೆ ನೋಡಿದೆ. ಚೆನ್ನಾಗಿತ್ತು. ಎಲ್ಲವೂ ಚೆನ್ನಾಗಿತ್ತು. ಬೇಡ ಅಂದೆ. ಹೂಂ ಅಂದರೆ ಸೋಮವಾರ ಬರುತ್ತದಲ್ಲ ಅಂತ ಹೆದರಿಕೆಯಾಯಿತು.